ಸೋಪಿನ ಡಬ್ಬಿಯಿಂದ ಬಂದ ದನಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನನ್ನು ಬೀದಿಯಲ್ಲಿ ಯಾರು ವಿಚಾರಿಸುತ್ತಾರೆ? ಆದರೆ ಬೆಳಗಿನ ಹೊತ್ತು ತನ್ನ ಹವ್ಯಾಸಿ ರೇಡಿಯೊದ ಮುಂದೆ ಕೂತನೆಂದರೆ ಅವನೇ ಯಜಮಾನ. ಬೇರೆ ಬೇರೆ ಊರಿನ ಗೆಳೆಯರು ಒಂದೇ ತರಂಗದ ಮೇಲೆ ಸೇರುತ್ತಿದ್ದರು. ಅವನು ಒಬ್ಬೊಬ್ಬರ ಕರೆಗುರುತನ್ನು, ಅಂದರೆ ಹೆಸರಿನ ಬದಲಿಗಿರುವ ಅಕ್ಷರಗಳನ್ನು, ಕೂಗಿ ಮಾತಿನ ಸರದಿ ಕೊಡುತ್ತಿದ್ದ. ಕಂಚಿನ ಕಂಠ. ಗೆಳೆಯರು ಗಂಟೆಯಣ್ಣ ಎಂದರು, ಆ ಹೆಸರೇ ಅಂಟಿಕೊಂಡಿತು.

ಆ ಕೂಟಕ್ಕೆ ಅವನೇ ಹಾಕಿಕೊಟ್ಟ ಕಟ್ಟಳೆಯೊಂದಿತ್ತು. ಯಾವನೋ ಕಿಡಿಗೇಡಿ ಬೇರೆಯವರ ಕರೆಗುರುತು ಕದ್ದು ನಡುವೆ ಬಾಯಿ ಹಾಕಿದರೆ ಬೈಯಬಾರದು, ನಗಬಾರದು, ಉತ್ತರವನ್ನೇ ಕೊಡಬಾರದು. "ಉತ್ತರ ಸಿಕ್ಕಿದ್ರೆ ತಾನೆ ಅವನಿಗೆ ಮಜಾ? ಇಲ್ಲವೇ ಇಲ್ಲ ಅನ್ನೋ ಹಾಗೆ ಇದ್ಬಿಡಿ," ಎನ್ನುತ್ತಿದ್ದ.

ಅವನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಸ್ಪತ್ರೆಗೆ ಹೋಗುವ ಮುನ್ನ ಗೆಳೆಯರಿಗೆ, ಗಂಟಲು ಕಟ್ಟಿದೆ, ಸ್ವಲ್ಪ ದಿನ ರಜ ಎಂದಷ್ಟೇ ಹೇಳಿದ.

"ರಜ ಬೇಕಾಗಿರೋದು ನಿನ್ನ ಗಂಟಲಿಗಲ್ಲ ಕಣಯ್ಯಾ, ನಮ್ಮ ಕಿವಿಗೆ," ಎಂದು ಕೂಟದ ಹಳೆಯ ಗೆಳೆಯ ಟೈಲರ್ ರೇಗಿಸಿದ್ದ. ಗಂಟೆಯಣ್ಣ ದನಿಯೆತ್ತಿ ನಕ್ಕದ್ದು ಅದೇ ಕೊನೆ. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು.

ಮನೆಯಲ್ಲೀಗ ಸ್ಲೇಟಿನ ಮೇಲೆ ಮಾತು. ಹೆಂಡತಿ ಕನ್ನಡಕ ಹುಡುಕಿ ತಂದು ಓದುವಷ್ಟರಲ್ಲಿ ಅವನಿಗೆ ಹೇಳುವ ಆಸೆಯೇ ಆರಿರುತ್ತಿತ್ತು. ಬೆಳಗ್ಗೆ ಮಾತ್ರ ರೇಡಿಯೊಕ್ಕೆ ಕಿವಿಗೊಟ್ಟು ಕೂರುತ್ತಿದ್ದ. ಕೂಟವನ್ನು ಈಗ ನಡೆಸುತ್ತಿದ್ದ, ಬೇರೊಂದು ಊರಿನ ಆಸ್ಪತ್ರೆಯ ನರ್ಸಮ್ಮ ದಿನವೂ ಅವನ ಕರೆಗುರುತನ್ನು ಕೂಗಿ, ಒಂದು ಉಸಿರು ಕಾದು, ಮುಂದಿನವರಿಗೆ ಹೋಗುತ್ತಿದ್ದಳು. ಆ ಒಂದು ಉಸಿರಿನಷ್ಟು ಜಾಗದಲ್ಲಿ ತಾನು ಮತ್ತೆ ಹೋಗಿ ಕೂರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಬರೆದದ್ದನ್ನು ಓದಿ ಹೇಳುವ ದನಿಯೊಂದನ್ನು ಮಗಳು ತನ್ನ ಹಳೆಯ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಳು. ಅದನ್ನು ರೇಡಿಯೊಕ್ಕೆ ದಾಟಿಸುವ ಸಾಧನವನ್ನು ಅವನು ಸೋಪಿನ ಡಬ್ಬಿಯೊಳಗೆ ತಾನೇ ಕಟ್ಟಿದ. ನೇರವಾಗಿ ತಂತಿ ಕೊಟ್ಟಾಗ ದನಿಯ ಬೆನ್ನಿಗೇ ಗುಂಯ್ ಎಂಬ ಸದ್ದು ಹತ್ತಿತು. ಕೆಟ್ಟ ಮೋಡೆಮ್ಮಿನಿಂದ ಪುಟ್ಟ ಟ್ರಾನ್ಸ್‌ಫಾರ್ಮರ್ ಕಿತ್ತು ನಡುವೆ ಬೆಸೆದ. ಅದರೊಳಗಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟುವುದಿಲ್ಲ, ದನಿ ಮಾತ್ರ ದಾಟುತ್ತದೆ. ಗುಂಯ್‌ಗುಟ್ಟುವುದು ನಿಂತಿತು. ಮಾತು ಹೊರಗೆ ಹೋಗಬೇಕಾದರೆ ಮೈಕಿನ ಬಟನ್ ಒತ್ತಿರಬೇಕು, ಆ ಬೆರಳಿನ ಕೆಲಸಕ್ಕೆ ಒಂದು ಟ್ರಾನ್ಸಿಸ್ಟರ್. ಅದಕ್ಕೊಂದು ಕೆಟ್ಟ ಚಾಳಿ. ಕಂಪ್ಯೂಟರ್ ಶುರುವಾಗುವಾಗ ತನ್ನಷ್ಟಕ್ಕೆ ತಾನೇ ಬಟನ್ ಒತ್ತಿಬಿಡುತ್ತಿತ್ತು. ಹಾಗಾಗಿ ಮೊದಲು ಕಂಪ್ಯೂಟರ್, ಆಮೇಲೆ ರೇಡಿಯೊ ಎಂದು ಅವನೇ ನಿಯಮ ಮಾಡಿಕೊಂಡ.

ಡಬ್ಬಿಯೊಂದಿಗೆ ಕೂಟಕ್ಕೆ ಹೊರಟ ಮೊದಲ ಬೆಳಗ್ಗೆ ಕೈ ಹಳೆಯ ಅಭ್ಯಾಸದಂತೆ ಮೊದಲು ರೇಡಿಯೊದ ಮೇಲೇ ಹೋಯಿತು. ಟೈಲರ್ ಮೊಮ್ಮಗಳ ಹೊಸ ಹಲ್ಲಿನ ಕತೆ ಹೇಳುತ್ತಿದ್ದ. ಇವನು ಕಂಪ್ಯೂಟರಿನ ಗುಂಡಿ ಒತ್ತಿದ. ಡಬ್ಬಿಯೊಳಗೆ ಬಟನ್ ಒತ್ತಿಕೊಂಡಿತು. ಕಂಪ್ಯೂಟರಿನ ಶುರುವಿನ ಸಂಗೀತ ಟೈಲರನ ಮಾತಿನ ಮೇಲೆ ಹೋಗಿ ಬಿತ್ತು.

"ಯಾರದು ನಡುವೆ ವಾಲಗ ಊದಿದ್ದು?" ಎಂದ ಟೈಲರ್.

ಗಂಟೆಯಣ್ಣ ತನ್ನ ಕರೆಗುರುತು ಬರೆದ. ಯಂತ್ರ ಅದನ್ನು ಅಕ್ಷರ ಅಕ್ಷರವಾಗಿ, ಭಾವವಿಲ್ಲದೆ ಒದರಿತು.

"ನೋಡಿದ್ರಾ, ಅಣ್ಣ ಇಲ್ಲದ ಹೊತ್ತು ನೋಡ್ಕೊಂಡು ಅಣ್ಣನ ಗುರುತೇ ಕದ್ದಿದಾನೆ!" ಎಂದು ಟೈಲರ್ ರೇಗಿದ.

"ಅಣ್ಣ ಏನು ಹೇಳಿಕೊಟ್ಟಿದಾರೆ?" ಎಂದಳು ನರ್ಸಮ್ಮ. "ಯಾರೂ ಉತ್ತರ ಕೊಡಬೇಡಿ."

ಅವನು ಬರೆದ: ಟೈಲರಪ್ಪಾ, ನಾನೇ ಕಣೋ. ಯಂತ್ರ ಅದನ್ನು ಬಸ್ಸಿನ ಬೋರ್ಡು ಓದುವಂತೆ ಓದಿತು. ಯಾರೂ ತುಟಿ ಬಿಚ್ಚಲಿಲ್ಲ. ಮತ್ತೆ ಬರೆದ. ಎಷ್ಟು ಚೆನ್ನಾಗಿ ಕಲಿತಿದ್ದರು ಅವನ ಪಾಠವನ್ನು! ಒಬ್ಬನಾದರೂ ತಪ್ಪಬಾರದಿತ್ತೆ? ಒಬ್ಬೊಬ್ಬರಾಗಿ ರೇಡಿಯೊ ಆರಿಸಿದರು. ಖಾಲಿ ತರಂಗದ ಸುಯ್ಯೆನ್ನುವ ಸದ್ದು ಉಳಿಯಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ನಿಮ್ಮ ದನಿ ಅಲ್ವಲ್ಲಾ, ಅವರಾದ್ರೂ ಏನು ಮಾಡ್ತಾರೆ?" ಎಂದಳು. ಬೇಡವೆಂದು ಅವನು ಕೈ ಆಡಿಸುತ್ತಿದ್ದರೂ ಮಗಳು ಟೈಲರನ ಅಂಗಡಿಯ ನಂಬರು ಹುಡುಕಿ ಫೋನ್ ಮಾಡಿ, ಅಪ್ಪನ ಧ್ವನಿಪೆಟ್ಟಿಗೆ ತೆಗೆದದ್ದನ್ನು ಹೇಳಿದಳು. ಆ ಕಡೆ ಹೊಲಿಗೆ ಯಂತ್ರ ನಿಂತದ್ದು ಅವಳಿಗೆ ಕೇಳಿಸಿತು.

ಮರುದಿನ ಎಲ್ಲರೂ ಕಾದಿದ್ದರು. "ಅಣ್ಣಾ, ಅವಸರ ಇಲ್ಲ, ನಿಧಾನವಾಗಿ ಬರೀರಿ," ಎಂದಳು ನರ್ಸಮ್ಮ. ಅದು ವಾರ್ಡಿನ ದನಿ. ಅವನಿಗೆ ಆ ದನಿಯ ಪರಿಚಯ ಚೆನ್ನಾಗಿತ್ತು, ಆಸ್ಪತ್ರೆಯಲ್ಲಿ ಬೇರೆ ನರ್ಸುಗಳ ಬಾಯಲ್ಲಿ ದಿನಾ ಕೇಳಿದ್ದ. ಟೈಲರ್, "ನೀವು ಆಯಾಸ ಮಾಡ್ಕೋಬೇಡಿ," ಎಂದ. ಇಷ್ಟು ವರ್ಷದಲ್ಲಿ ಅವನು ಗಂಟೆಯಣ್ಣನನ್ನು ಬಹುವಚನದಲ್ಲಿ ಕರೆದದ್ದೇ ಇಲ್ಲ.

ಅವನು ಬರೆದ: ನಿನ್ನೆ ನೀವು ಮಾಡಿದ್ದೇ ಸರಿ. ಯಂತ್ರ ಹೇಳಿತು.

"ತುಂಬ ಚೆನ್ನಾಗಿ ಕೇಳಿಸ್ತು ಅಣ್ಣಾ, ತುಂಬ ಚೆನ್ನಾಗಿದೆ," ಎಂದಳು ನರ್ಸಮ್ಮ. ಉಳಿದವರೂ ಹಾಗೆಯೇ ಅಂದರು. ಮೊಮ್ಮಗಳ ಹಲ್ಲಿನ ಸುದ್ದಿಯನ್ನು ಟೈಲರ್ ಎತ್ತಲೇ ಇಲ್ಲ.

ಗಂಟೆಯಣ್ಣ ಬೆರಳನ್ನು ಕೀಲಿಗಳಿಂದ ತೆಗೆದ. ನರ್ಸಮ್ಮ ಮತ್ತೊಮ್ಮೆ ಅವನ ಕರೆಗುರುತು ಕೂಗಿ, ಈ ಸಲ ಒಂದು ಉಸಿರಲ್ಲ, ರೋಗಿಗೆ ಕಾಯುವ ಹಾಗೆ ತುಂಬ ಹೊತ್ತು ಕಾದಳು. ಅವನು ಸೋಪಿನ ಡಬ್ಬಿಯ ಎರಡೂ ಕಡೆಯ ತಂತಿ ಕಿತ್ತು, ಸುರುಳಿ ಸುತ್ತಿ, ಡಬ್ಬಿಯನ್ನು ಮೇಜಿನ ಖಾನೆಯೊಳಗಿಟ್ಟ. ರೇಡಿಯೊವನ್ನು ಆರಿಸಲಿಲ್ಲ. ಅವಳು ಇನ್ನೂ ಕಾಯುತ್ತಿದ್ದಳು.