ಪರದೆಯ ಕುದುರೆಗಳಿಗೆ ದಾರಿ ತೋರುವ ಗುರುಬಾಯಿ

ವಾಗದರಿಯ ಹೊರಗಿನ ಬಯಲಿನಲ್ಲಿ ಸಿನೆಮಾ ತಂಬು ಇನ್ನೂ ಮಲಗಿದೆ. ಹಗ್ಗಗಳ ಮೇಲೆ ಇಬ್ಬನಿ ಕೂತಿದೆ, ಗಾಳಿ ಬಿದ್ದುಹೋಗಿದೆ, ಮೂಡಲ ದಿಕ್ಕಿಗೆ ಜೋಳದ ಹೊಲದ ಅಂಚು ಈಗಷ್ಟೇ ಬೆಳ್ಳಗಾಗುತ್ತಿದೆ. ಗುರುಬಾಯಿ ತಗಡಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಹೊರಗೆ ಬರುತ್ತಾಳೆ. ಒಗೆದ ಧೋತರದ ತುಂಡನ್ನು ನೆಲಕ್ಕೆ ಹಾಸಿ, ಡಬ್ಬಿಯ ಮುಚ್ಚಳ ತೆಗೆದು, ಸಿನೆಮಾ ರೀಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿನತ್ತ ಎತ್ತುತ್ತಾಳೆ. ಪಕ್ಕದಲ್ಲಿ ಗಂಡ ಅಮೃತಪ್ಪ ಕಂಬಳಿ ಹೊದ್ದು ಕೂತಿದ್ದಾನೆ. ಅವನಿಗೆ ಕಣ್ಣು ಕಾಣುವುದಿಲ್ಲ.

"ಏನ್ ಬಂತು?" ಎಂದು ಅವನು ಕೇಳುತ್ತಾನೆ.

"ಗುಡ್ಡ ಬಂತು. ಗುಡ್ಡದ ಬುಡಕ ಒಂದು ಹಾದಿ. ಹಾದಿ ಮ್ಯಾಲ ಇನ್ನಾ ಯಾರೂ ಇಲ್ರಿ."

"ಮುಂದ?"

"ಮುಂದ ಸವಾರ ಬಂದಾನ. ಒಬ್ಬನ ಅದಾನ. ಟೊಪಗಿ ಹಣಿ ಮ್ಯಾಲ ಎಳಕೊಂಡಾನ. ಏನೋ ವಿಚಾರ ಮಾಡಾಕತ್ತಾನ."

ಅಮೃತಪ್ಪ ತುಟಿ ಅಲ್ಲಾಡಿಸುತ್ತ ಅದನ್ನೆಲ್ಲ ಒಳಗಿಳಿಸಿಕೊಳ್ಳುತ್ತಾನೆ. ಸಂಜೆ ಪರದೆಯ ಪಕ್ಕ ನಿಂತು ಈ ಕಥೆಯನ್ನು ಊರಿಗೆ ಹೇಳಬೇಕಾದವನು ಅವನು. ಹಿಂದೆ ನಿಂತು ಮಷೀನು ನಡೆಸುವವಳು ಗುರುಬಾಯಿ. ಈ ಸೀಮೆಯಲ್ಲಿ ಸಿನೆಮಾ ಮಷೀನಿಗೆ ಕೈ ಹಚ್ಚಿದ ಇನ್ನೊಬ್ಬ ಹೆಣ್ಣುಮಗಳನ್ನು ಕಂಡವರಿಲ್ಲ. ಆದರೂ ಕಟ್ಟಿದ ಬೋರ್ಡಿನ ಮೇಲೆ ಅವಳ ಹೆಸರಿಲ್ಲ. ಊರವರ ಬಾಯಲ್ಲಿ ಅವಳು "ಸಿನೆಮಾದವನ ಹೇಣ್ತಿ", ಅಷ್ಟೇ.

ಹುಲೆಪ್ಪ ಎಂಬ ಸೊಲ್ಲಾಪುರದ ಮಾಲಕನ ಈ ತಂಬು ದೀಪಾವಳಿ ಕಳೆದ ಮೇಲೆ ಹೊರಟು, ಮಳೆ ಹಿಡಿಯುವವರೆಗೂ ಎತ್ತಿನ ಗಾಡಿಗಳ ಮೇಲೆ ಅಕ್ಕಲಕೋಟದ ಸುತ್ತಿನ ಊರೂರು ತಿರುಗುತ್ತದೆ. ಅದರಲ್ಲಿ ಓಡುವವು ಅಮೆರಿಕದ ಹಳೆಯ ಕುದುರೆ ಚಿತ್ರಗಳು. ಸಿನೆಮಾ ಮಾತಾಡಲು ಕಲಿತ ಹೊಸತರಲ್ಲಿ ಅಲ್ಲಿನ ಸಣ್ಣ ಸಣ್ಣ ಕಂಪನಿಗಳು ಕೈಗೆ ಸಿಕ್ಕಷ್ಟು ದುಡ್ಡಿನಲ್ಲಿ, ಅವಸರದಲ್ಲಿ ತೆಗೆದು ಬಿಟ್ಟ ಚಿತ್ರಗಳಿವು. ಒಂದು ತಾಸಿನಲ್ಲಿ ಮುಗಿದುಹೋಗುತ್ತವೆ. ಎಲ್ಲದರಲ್ಲೂ ಅವೇ ಗುಡ್ಡಗಳು, ಅದೇ ಹಲಗೆ ಮನೆಗಳ ಬೀದಿ, ಅದೇ ದನಗಳ್ಳರು. ಬಿಳಿ ಟೊಪ್ಪಿಗೆಯ ಸವಾರ ಕಳ್ಳರನ್ನು ಬಡಿದು, ಗಿಟಾರು ಬಾರಿಸಿ ಒಂದು ಹಾಡು ಹೇಳಿ, ತನ್ನನ್ನೇ ನೋಡುತ್ತ ನಿಂತ ಹುಡುಗಿಯನ್ನು ಬಿಟ್ಟು ಒಬ್ಬನೇ ಹೊರಟುಬಿಡುತ್ತಾನೆ.

ಮುಂಬಯಿಯಲ್ಲಿ ಯಾರಿಗೂ ಬೇಡವಾದ ಈ ರೀಲುಗಳು ಇಪ್ಪತ್ತು ವರ್ಷದ ಮೇಲೆ ಇತ್ತ ಬಂದಿವೆ. ಅವುಗಳ ದನಿ ಸವೆದು ಬರೀ ಮಳೆ ಸುರಿಯುವ ಸದ್ದಾಗಿದೆ. ದನಿ ನೆಟ್ಟಗಿದ್ದರೂ ಆ ಇಂಗ್ಲಿಷು ಇಲ್ಲಿ ಯಾರಿಗೆ ತಿಳಿಯಬೇಕು? ಅದಕ್ಕೇ ಸದ್ದು ಬಂದ್ ಮಾಡಿ, ಪರದೆಯ ಪಕ್ಕ ಒಬ್ಬರು ತಗಡಿನ ಭೋಂಗಾ ಬಾಯಿಗೆ ಹಿಡಿದು ಕನ್ನಡದಲ್ಲಿ ಕಥೆ ಹೇಳುವುದು ಹುಲೆಪ್ಪನ ತಂಬಿನ ರೂಢಿ. ನಡುನಡುವೆ ಮರಾಠಿಯೂ ಬರುತ್ತದೆ. ಕಳ್ಳರು ಬೈದಾಡುವುದು ಯಾವಾಗಲೂ ಮರಾಠಿಯಲ್ಲಿ.

ಗುರುಬಾಯಿ ಕುಂಭಾರಿಯ ಮಗಳು. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದವಳು ಗಿರಣಿಯಲ್ಲಿ ಬಾಬಿನಿಗೆ ನೂಲು ಸುತ್ತುವ ಕೆಲಸಕ್ಕೆ ನಿಂತಳು. ಹರಿದ ಎಳೆಯನ್ನು ಕಣ್ಣಿಗಿಂತ ಮೊದಲು ಬೆರಳೇ ಹಿಡಿಯುವುದನ್ನು ಕಲಿತದ್ದು ಅಲ್ಲಿ. "ಗಿರಣ್ಯಾಗ ಬಾಜೂದಕಿ ಜೋಡಿ ಮಾತಾಡಬೇಕಂದ್ರ ಒದರಬೇಕ್ರಿ. ನನ್ನ ಧ್ವನಿ ಅಲ್ಲೇ ದಪ್ಪಾತು. ಮನ್ಯಾಗ ಸಾವಕಾಶ ಮಾತಾಡಿದ್ರೂ ಜಗಳ ಮಾಡಿದಂಗ ಕೇಳಸ್ತದ," ಎಂದು ನಗುತ್ತಾಳೆ. ಅಮೃತಪ್ಪ ಪೇಟೆಯ ಥಿಯೇಟರೊಂದರಲ್ಲಿ ಆಪರೇಟರ್ ಆಗಿದ್ದ. ಹುಲೆಪ್ಪ ತಂಬು ಕಟ್ಟಿದಾಗ ಅವನನ್ನು ಕರೆದ. ಗಂಡ ಊರೂರು ತಿರುಗಿದರೆ ತಾನೊಬ್ಬಳೇ ಚಾಳಿನ ಕೋಣೆಯಲ್ಲಿ ಇದ್ದು ಮಾಡುವುದೇನು ಎಂದು ಗುರುಬಾಯಿಯೂ ಗಿರಣಿ ಬಿಟ್ಟು ಗಾಡಿ ಹತ್ತಿದಳು. ರೀಲು ಒರೆಸುವುದು, ಹರಿದಲ್ಲಿ ಅಂಟಿಸುವುದು ಅವಳ ಪಾಲಿಗೆ ಬಂತು.

ಸಿನೆಮಾ ಮಷೀನಿನ ಒಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಳಕು ಸೂರ್ಯನ ತುಂಡಿದ್ದ ಹಾಗೆ. ಕಪ್ಪು ಗಾಜಿಲ್ಲದೆ ಅದನ್ನು ನೋಡಬಾರದು. ಅಮೃತಪ್ಪ ವರ್ಷಗಟ್ಟಲೆ ನೋಡಿದ. ಮೊದಮೊದಲು ಅವನಿಗೆ ಎಲ್ಲದರ ಸುತ್ತ ಬೆಳಕಿನ ಬಳೆಗಳು ಕಾಣುತ್ತಿದ್ದವು. ಆಮೇಲೆ ಹಾಲು ಚೆಲ್ಲಿದಂತಾಯಿತು. ಸಾವಿರದೊಂಬೈನೂರ ಐವತ್ತೈದರ ಬೇಸಿಗೆಯಲ್ಲಿ ಹಾಲೂ ಹೋಗಿ ಬರೀ ಬೂದಿ ಉಳಿಯಿತು. ಸೊಲ್ಲಾಪುರದ ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿ, ಇನ್ನು ಆಗುವುದೇನಿಲ್ಲ ಎಂದು ಕೈ ತೊಳೆದುಕೊಂಡರು.

"ಅವತ್ತ ಮನಿಗಿ ಬರೂ ಮುಂದ ನನ್ನ ಭುಜದ ಮ್ಯಾಲ ಕೈ ಇಟ್ಟು ನಡದ್ರು. ಪೇಟ್ಯಾಗ ಹಂಗ ನಡಿಯೂದು ನಾಚಿಗಿ ಬಂತು. ಆದ್ರ ಕೈ ತಗೀರಿ ಅಂತ ಅನ್ನಲಿಲ್ಲ."

ಮಾಲಕನಿಗೆ ಇಬ್ಬರೂ ಹೇಳಲಿಲ್ಲ. ಅಮೃತಪ್ಪನ ಕೈಗಳಿಗೆ ಮಷೀನಿನ ಪ್ರತಿ ಹಲ್ಲೂ ಗೊತ್ತಿತ್ತು; ಆದರೆ ಪರದೆಯ ಮೇಲೆ ಚಿತ್ರ ಮಬ್ಬಾದರೆ, ಜಾರಿದರೆ, ಅದನ್ನು ಅವನಿಗೆ ತಿಳಿಸುವವರು ಯಾರು? ಅದೇ ಹೊತ್ತಿಗೆ ಕಥೆ ಹೇಳುತ್ತಿದ್ದ ಬೀರಣ್ಣ ನಾಟಕ ಕಂಪನಿ ಸೇರಿ ಹೊರಟುಹೋದ. ಹುಲೆಪ್ಪ ತಲೆ ಮೇಲೆ ಕೈ ಹೊತ್ತು ಕೂತಾಗ ಗುರುಬಾಯಿ, "ನಾ ಹೇಳ್ತೀನ್ರಿ ಮಾಲಕ," ಎಂದಳು. ಭೋಂಗಾ ಅವಳ ಕೈಗೆ ಬಂತು.

ಅವತ್ತಿನಿಂದ ಅವಳ ಕಥೆಗೆ ಎರಡು ಅರ್ಥ. "ಮ್ವಾಡ ಕವೀತು ನೋಡ್ರಿ" ಎಂದರೆ ಬೆಳಕು ಕುಂದಿದೆ, ಕಡ್ಡಿಗಳನ್ನು ಹತ್ತಿರ ತಾ. "ಧೂಳ ಎದ್ದದ" ಎಂದರೆ ಚಿತ್ರ ಮಸುಕಾಗಿದೆ, ಲೆನ್ಸಿನ ಗಾಜು ತಿರುಗಿಸು. "ಸವಾರ ತಗ್ಗಿಗಿ ಇಳದಾ" ಎಂದರೆ ಚಿತ್ರ ಕೆಳಗೆ ಜಾರಿದೆ, ಎತ್ತು. ನೆಲದ ಮೇಲೆ ಕೂತ ಮಂದಿಗೆ ಅದು ಕಥೆ. ಹಿಂದೆ ಮಷೀನಿನ ಬಳಿ ಕಿವಿ ನಿಗುರಿಸಿ ನಿಂತವನಿಗೆ ಅದು ಕಣ್ಣು. ಒಂದು ಮಾತಿಗೆ ಮೋಡ ಸರಿದು ಪರದೆಯ ತುಂಬ ಬಿಸಿಲು ಬೀಳುತ್ತಿತ್ತು. ಹೇಳಿದ್ದಕ್ಕೆ ಸರಿಯಾಗಿ ಬಿಸಿಲು ಬರಿಸುವ ಈ ಹೆಣ್ಣುಮಗಳ ಬಾಯಲ್ಲಿ ಏನೋ ಇದೆ ಎಂದು ಜನ ಮಾತಾಡಿಕೊಂಡರು.

ಮೊನ್ನೆ ಸತ್ತ ಕಳ್ಳ ಇವತ್ತಿನ ಚಿತ್ರದಲ್ಲಿ ಮತ್ತೆ ಬಂದರೆ, "ಇವ ಅವನ ತಮ್ಮ" ಎನ್ನುತ್ತಿದ್ದಳು. ಸವಾರ ಹುಡುಗಿಯನ್ನು ಬಿಟ್ಟು ಹೊರಟಾಗ ಹೆಂಗಸರು ಸಿಟ್ಟಾಗುತ್ತಿದ್ದರು. "ಊರಿಗಿ ಹೋಗ್ಯಾನ್ರೀ, ತಾಯಿನ್ನ ಕರಕೊಂಡು ಬರಾಕ," ಎಂದು ಸಮಾಧಾನ ಮಾಡುತ್ತಿದ್ದಳು. ಬೋರಾಮಣಿಯ ಭೀಮಶಾ ಎಂಬ ರೈತನಂತೂ ಪರದೆಯ ಮೇಲಿನ ಬೋಳು ಬಯಲು, ಒಣ ಹುಲ್ಲು, ಒಂಟಿ ಬಂಡೆ ಕಂಡು ಎದ್ದೇ ನಿಂತುಬಿಟ್ಟಿದ್ದ. "ಇದು ನಮ್ಮ ದನ ಮೇಯೂ ಗಾಯರಾಣದಾಗ ತಗದದ್ದು. ಆ ಕಲ್ಲಿನ ಮ್ಯಾಲ ಕುಂತು ನಾ ಬುತ್ತಿ ಉಂಡೀನಿ!" ಗುರುಬಾಯಿ ಅಲ್ಲವೆನ್ನಲಿಲ್ಲ. ಸಂಜೆ ಹೊತ್ತು ಬೋರಾಮಣಿಯ ಹುಲ್ಲು ಗಾಳಿಗೆ ಬಾಗಿದಾಗ ಅವಳಿಗೂ ಹಾಗೇ ಅನ್ನಿಸುತ್ತದೆ: ಈಗ ಆ ದಿಬ್ಬದ ಹಿಂದಿನಿಂದ ಟೊಪ್ಪಿಗೆಯೊಂದು ಮೇಲೇಳಬಹುದು.

ಆ ಬೋರಾಮಣಿಯಲ್ಲೇ ಗುಟ್ಟು ಒಡೆಯಿತು. ಕಳೆದ ವರ್ಷ ಚಳಿಗಾಲದಲ್ಲಿ ಗುರುಬಾಯಿಗೆ ಜ್ವರ ಬಂದು ಗಂಟಲು ಕಟ್ಟಿತ್ತು. ದೀಪ ಹಚ್ಚುವ ಹೊತ್ತಿನ ಆಟ. ಅರ್ಧ ಚಿತ್ರದವರೆಗೆ ಹೇಗೋ ಎಳೆದಳು. ಆಮೇಲೆ ಬಾಯಿ ತೆರೆದರೆ ಗಾಳಿ ಮಾತ್ರ ಹೊರಟಿತು. ಅಷ್ಟರಲ್ಲೇ ಪರದೆಯ ಮೇಲಿನ ಕುದುರೆ ಓಡುತ್ತ ಓಡುತ್ತ ಒಮ್ಮೆಲೇ ನಿಂತಿತು. ರೀಲು ಮಷೀನಿನಲ್ಲಿ ಸಿಕ್ಕಿಕೊಂಡಿತ್ತು. ನಿಂತ ಕುದುರೆಯ ಎದೆಯ ಮೇಲೆ ಒಂದು ಕಂದು ಕಲೆ ಮೂಡಿ, ಅಗಲವಾಗಿ, ಗುಳ್ಳೆ ಏಳತೊಡಗಿತು. ಹಳೆಯ ರೀಲು ಬೆಂಕಿಗೆ ಸಿಕ್ಕರೆ ಸಿಡಿಮದ್ದಿನಂತೆ ಉರಿಯುತ್ತದೆ. ತಂಬಿನ ತುಂಬ ಹೆಂಗಸರು, ಕೂಸುಗಳು.

ಭೋಂಗಾ ಬಿಸಾಡಿ ಅವಳು ಜನರ ನಡುವೆ ನುಗ್ಗಿದಳು. ಯಾರ ಕಾಲು ತುಳಿದಳೋ, ಯಾರು ಬೈದರೋ, ಅವಳಿಗೆ ನೆನಪಿಲ್ಲ. ಅಮೃತಪ್ಪ ವಾಸನೆ ಹಿಡಿದು ಬರಿಗೈಯಲ್ಲಿ ರೀಲು ಎಳೆಯುತ್ತಿದ್ದ, ಆದರೆ ಎಳೆಯಬೇಕಾದ ಕಡೆ ಎಳೆಯುತ್ತಿರಲಿಲ್ಲ. ಅವಳು ಬೆಳಕಿನ ಮುಚ್ಚಳ ಬೀಳಿಸಿ, ಉರಿಯುವ ತುಂಡನ್ನು ಹರಿದು ಮರಳಿನ ಬಕೆಟ್ಟಿಗೆ ತುರುಕಿದಳು. ಅವನ ಅಂಗೈ ಸುಟ್ಟಿತ್ತು. ಉಳಿದಂತೆ ಯಾರಿಗೂ ಏನೂ ಆಗಲಿಲ್ಲ.

ಓಡಿ ಬಂದ ಹುಲೆಪ್ಪ ಕಂದೀಲನ್ನು ಅಮೃತಪ್ಪನ ಮುಖದ ಹತ್ತಿರ ಹಿಡಿದ. ಕಣ್ಣು ಮಿಟುಕಲಿಲ್ಲ. ಇನ್ನೂ ಹತ್ತಿರ ತಂದ.

"ಎಂದಿನಿಂದ?"

ಗುರುಬಾಯಿ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅಮೃತಪ್ಪನೇ ಹೇಳಿದ: "ಎರಡು ಹಂಗಾಮ ಆತ್ರಿ, ಮಾಲಕ."

"ಅರೇ ದೇವಾ! ಒಳಗ ಮಂದಿ ಕುಂತಿತ್ತಲ್ಲೋ. ಹೆಂಗಸರು, ಹುಡುಗರು. ಏನಾರ ಆಗಿದ್ದರ ನಾ ಯಾರಿಗಿ ಮಾರಿ ತೋರಸ್ಲಿ?"

ತಂಬು ಮುಚ್ಚಿತು. ಗುರುಬಾಯಿ ಗಂಟು ಕಟ್ಟಿ ಗಾಡಿಯ ಪಕ್ಕ ಇಟ್ಟಳು. ಕೊನೆಗೆ ಅಮೃತಪ್ಪ ಹಗ್ಗ ಹಿಡಿದು ತಡವುತ್ತ ಹುಲೆಪ್ಪನ ಬಳಿಗೆ ಹೋಗಿ, "ತಪ್ಪು ನಂದದ. ನಾ ಇನ್ನ ಮಷೀನ್ ಮುಟ್ಟಂಗಿಲ್ಲ. ಆದ್ರ ಅದನ್ನ ಆಕಿಗಿ ಕೊಡ್ರಿ," ಎಂದ.

"ಹೆಣ್ಣಮಗಳು ಮಷೀನ್ ನಡಸ್ತಾಳೇನು?"

"ಗಿರಣಿ ನಡಸ್ಯಾಳಲ್ರಿ. ಇದು ಅದರ ಮುಂದ ಹೊಲಗಿ ಮಷೀನ್ ಇದ್ದಂಗ."

ಹುಲೆಪ್ಪ ಒಪ್ಪಿದ್ದು ಒಮ್ಮೆಲೇ ಅಲ್ಲ. ಮೊದಲು ಖಾಲಿ ತಂಬಿನಲ್ಲಿ ನಡೆಸಿ ತೋರಿಸು ಎಂದ. ತೋರಿಸಿದಳು. ಲೈಸೆನ್ಸಿಲ್ಲದೆ ಆಗದು ಎಂದ. ಸೊಲ್ಲಾಪುರಕ್ಕೆ ಹೋಗಿ ಪರೀಕ್ಷೆ ಕೊಟ್ಟು ಬಂದಳು. ಕಪ್ಪು ಗಾಜು ಹಾಕಿಕೊಳ್ಳದೆ ಬೆಳಕು ನೋಡಿದರೆ ಅವತ್ತೇ ಕೆಲಸ ಬಿಡಿಸುತ್ತೇನೆ ಎಂದು ಗದರಿದ. "ಅಷ್ಟು ಸಿಟ್ಟಿನ್ಯಾಗ ಅಷ್ಟು ಛಲೋ ಮಾತು ಯಾರೂ ಅಂದಿದ್ದಿಲ್ಲ," ಎನ್ನುತ್ತಾಳೆ ಗುರುಬಾಯಿ.

ಅವಳ ಮೊದಲ ಆಟ ತವರೂರು ಕುಂಭಾರಿಯಲ್ಲೇ ಬಂತು. ಮಷೀನು ಸರಿಯಾಗಿ ಓಡಿತು. ಆದರೆ ಪರದೆಯ ಪಕ್ಕ ಯಾರೂ ಇರಲಿಲ್ಲ. ಕುದುರೆಗಳು ಸದ್ದಿಲ್ಲದೆ ಬಂದವು, ಸದ್ದಿಲ್ಲದೆ ಹೋದವು. ಮುಂದೆ ಕೂತ ಅಕ್ಕನಾಗಮ್ಮ ಎಂಬ ಮುದುಕಿ, "ಯಾಕ, ಇವತ್ತ ಕುದುರಿ ಮೂಕ ಆಗ್ಯಾವೇನು?" ಎಂದು ಕೇಳಿದಳು. ಆಗ ತಂಬಿನ ಅಂಚಿನ ಹಗ್ಗ ಹಿಡಿದುಕೊಂಡು ಅಮೃತಪ್ಪ ಮುಂದೆ ನಡೆದ. ಭೋಂಗಾ ಎಲ್ಲಿದೆ ಎಂದು ತಡವಿ ಹುಡುಕಿದ. ಗಂಟಲು ಸರಿ ಮಾಡಿಕೊಂಡ.

"ಈ ಕುದುರಿ ಕೆಂಪದ," ಎಂದ. "ಹುಣಸಿ ಬೀಜದಂಗ ಕೆಂಪ."

ಕಪ್ಪು ಬಿಳುಪಿನ ಪರದೆಯನ್ನು ಜನ ಮತ್ತೊಮ್ಮೆ ನೋಡಿದರು. ಕುದುರೆ ಕೆಂಪಗಿತ್ತು. ಹುಡುಗಿಯ ಲಂಗ ಗಿಳಿಹಸಿರು ಎಂದ, ಹಸಿರಾಯಿತು. ಸಂಜೆಯ ಮುಗಿಲು ಕುಂಕುಮ ಚೆಲ್ಲಿದಂತಿದೆ ಎಂದ. ಹೆಂಗಸರು ಸೆರಗು ಬಾಯಿಗೆ ಹಿಡಿದು ಕೂತರು. ಹಿಂದೆ ಮಷೀನಿನ ಬಳಿ ಗುರುಬಾಯಿ ಪರದೆ ಬಿಟ್ಟು ಅವನತ್ತ ತಿರುಗಿದಳು. ಅವಳು ಹಗಲು ರೀಲು ಒರೆಸುತ್ತ ಅವನಿಗೆ ಹೇಳುತ್ತಿದ್ದ ಕಥೆಯಲ್ಲಿ ಬಣ್ಣವಿರಲಿಲ್ಲ. ಅದೆಲ್ಲ ಅವನೊಳಗೆ ಇದ್ದದ್ದು.

ಈಗ ಎಲ್ಲ ಊರಲ್ಲೂ ಬಣ್ಣದ ಕಥೆಯೇ ಬೇಕು. ಅವನು ಒಮ್ಮೊಮ್ಮೆ ಮಾತಿನ ಹುರುಪಿನಲ್ಲಿ ಚಿತ್ರಕ್ಕಿಂತ ಹಿಂದೆ ಬೀಳುತ್ತಾನೆ. ಆಗ ಗುರುಬಾಯಿ ಮಷೀನಿನ ವೇಗವನ್ನು ಒಂದಿಷ್ಟು ಇಳಿಸುತ್ತಾಳೆ. ಪರದೆಯ ಮೇಲೆ ಕುದುರೆಗಳು ನೀರಿನೊಳಗೆ ನಡೆದಂತೆ ಸಾವಕಾಶವಾಗುತ್ತವೆ. ಧೂಳು ಎದ್ದು ಎದ್ದಲ್ಲೇ ತೇಲುತ್ತದೆ. ಸವಾರನ ಟೊಪ್ಪಿಗೆ ಬೀಳಲೋ ಬೇಡವೋ ಎಂದು ಗಾಳಿಯಲ್ಲಿ ನಿಲ್ಲುತ್ತದೆ. ಅವನ ಮಾತು ಬಂದು ಕೂಡಿಕೊಂಡ ಮೇಲೆ ಮತ್ತೆ ಓಟ ಶುರು. ನೋಡುವವರಿಗೆ ಇದು ಚಿತ್ರದಲ್ಲೇ ಇರುವುದೋ ಏನೋ ತಿಳಿಯದು. ಕನಸಿನಲ್ಲಿ ಹೀಗೇ ಆಗುತ್ತದಲ್ಲವೇ ಎಂದುಕೊಂಡು ಮನೆಗೆ ಹೋಗುತ್ತಾರೆ.

ಸೊಲ್ಲಾಪುರದ ಹೊಸ ಥಿಯೇಟರುಗಳಲ್ಲಿ ಹಾಡು, ಕುಣಿತದ ಹೊಸ ಚಿತ್ರಗಳಿವೆ. ಮೋಟಾರು ಹತ್ತಿದರೆ ಯಾರು ಬೇಕಾದರೂ ಹೋಗಿ ನೋಡಿ ಬರಬಹುದು. ಈ ರೀಲುಗಳು ಇನ್ನೆಷ್ಟು ಕಾಲ ತಾಳುತ್ತವೆ ಎಂಬುದು ಗುರುಬಾಯಿಗೂ ಗೊತ್ತಿಲ್ಲ. "ಅದಾವ ಅನ್ನೂತನಕ ಅದಾವ," ಎನ್ನುತ್ತ ಬೆಳಕಿನತ್ತ ಇನ್ನೊಂದು ಮೊಳ ಎತ್ತುತ್ತಾಳೆ. ಬಿಸಿಲು ಏರಿದೆ. ಅಮೃತಪ್ಪ ಒಳಗೆ ಹೋಗಿ ಅಡ್ಡಾಗಿದ್ದಾನೆ.

ಏನಾದರೂ ಆಸೆ ಇದೆಯೇ ಎಂದರೆ ಮೊದಲು ತಲೆ ಅಲ್ಲಾಡಿಸುತ್ತಾಳೆ. ಗಂಡ ದೂರವಿದ್ದಾನೆಂದು ಖಾತ್ರಿ ಮಾಡಿಕೊಂಡು, ಗಿರಣಿಯ ದನಿಯನ್ನು ಸಾಧ್ಯವಾದಷ್ಟು ತಗ್ಗಿಸಿ ಹೇಳುತ್ತಾಳೆ:

"ಮಷೀನ್ ಬಾಜೂಕ ನಿಂತ್ರ ಗರ್‌ಗರ್ ಅಂತದ್ರಿ, ಅವರು ಹೇಳೂದು ಅರ್ಧಾ ಕೇಳಸಂಗಿಲ್ಲ. ಒಂದ ಆಟಕ್ಕ ಯಾರಾರ ಮಷೀನ್ ನೋಡಕೊಂಡ್ರ, ನಾ ಆ ಹೆಂಗಸರ ನಡುವ ನೆಲಕ್ಕ ಕುಂತು, ಪೂರಾ ಕಥಿ ಕೇಳತಿದ್ದೆ. ಅಲ್ಲಿ ಕುಂತಾಕಿ ತಮ್ಮ ಹೇಣ್ತಿ ಅಂತ ಅವರಿಗಿ ಗೊತ್ತಾಗಬಾರ್ದು."