ಸುಲ್ತಾನ್ ಬಜಾರಿನ ಹಗಲುಮೂಲೆ

ಲಿಂಗಸುಗೂರಿನಿಂದ ಒಂದೇ ಬಸ್ಸಿನಲ್ಲಿ ಹೈದರಾಬಾದಿಗೆ ಬಂದಿಳಿದ ಗೆಳೆಯರು ಅಮರೇಶಪ್ಪ ಮತ್ತು ಹಣಮಂತರಾಯ. ಹಣಮಂತರಾಯನು ಸುಲ್ತಾನ್ ಬಜಾರಿನಲ್ಲಿ ಸೀರೆಯಂಗಡಿ ತೆರೆದ. ಅಮರೇಶಪ್ಪನು ಅದೇ ಅಂಗಡಿಯ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವವನಾದ. ಗಿರಾಕಿಗಳೆದುರು ‘ಸಾವ್ಕಾರ್ರ’ ಎನ್ನುತ್ತಿದ್ದರೂ ಇಬ್ಬರೇ ಇದ್ದಾಗ ಅವನ ಪಾಲಿಗೆ ಆತ ಬರೀ ‘ಹಣಮ್ಯಾ’.

ಅಂಗಡಿಯ ದೀಪಗಳೆಲ್ಲ ಅಮರೇಶಪ್ಪನ ವಶದಲ್ಲಿದ್ದವು. ಜರಿಯ ಮೇಲೆ ಬೆಳಕು ಪಕ್ಕದಿಂದ ಬೀಳಬೇಕು, ನೆತ್ತಿಯಿಂದ ಬಿದ್ದರೆ ಜರಿ ಸತ್ತಂತೆ ಕಾಣುತ್ತದೆ ಎಂಬುದನ್ನು ಅವನು ತಾನೇ ಕಂಡುಕೊಂಡಿದ್ದ. ಗಾಜಿನ ಕಪಾಟಿನ ಬೆನ್ನಿಗೆ ಕಡುಬಣ್ಣದ ಬಟ್ಟೆ ಕಟ್ಟಿ, ಸೀರೆ ಉಡಿಸಿದ ಗೊಂಬೆಯ ಭುಜಕ್ಕೆ ಮಾತ್ರ ಒಂದು ಹಳದಿ ಬಲ್ಬಿನ ಬೆಳಕು ತಾಗಿಸಿದರೆ, ಕೋಠಿಯ ಕಡೆಗೆ ಹೊರಟ ಹೆಂಗಸರು ಕಾಲು ತಡೆದು ನಿಲ್ಲುತ್ತಿದ್ದರು. ಒಳಗಿನ ಬೆಳಕಿಗೆ ಸೀರೆ ತುಸು ಮೆರೆದರೆ ತಪ್ಪಿಲ್ಲ ಎಂದೇ ಅವನ ನಂಬಿಕೆ. ಆದರೆ ಕೊನೆಯ ಗೋಡೆಯ ಬಳಿ ಒಂದು ಮೂಲೆಯಿತ್ತು. ಅಲ್ಲಿ ಅಚ್ಚ ಬಿಳಿಯ ಎರಡು ಟ್ಯೂಬ್‌ಲೈಟು ಮಾತ್ರ. ಮನಸ್ಸಿಗೆ ಬಂದ ಸೀರೆಯನ್ನು ಅಲ್ಲಿಗೆ ಒಯ್ದು ಬಣ್ಣ ಖಾತ್ರಿ ಮಾಡಿಕೊಂಡ ಮೇಲೆಯೇ ಬೆಲೆಯ ಮಾತು. ಕಾಚಿಗೂಡದ ಕನ್ನಡದ ಹೆಂಗಸರು ಅದಕ್ಕೆ ‘ಹಗಲುಮೂಲೆ’ ಎಂದು ಹೆಸರಿಟ್ಟಿದ್ದರು. “ಅಮರೇಶಪ್ಪಣ್ಣ ಅಲ್ಲಿ ನಿಂತು ಹಸಿರಂದ್ರ ಹಸಿರ” ಎನ್ನುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಂಗಡಿಯ ರೂಪ ಬದಲಾಯಿತು. ಬೀದಿಗೆ ತೆರೆದಿದ್ದ ಮುಂಭಾಗಕ್ಕೆ ಕಪ್ಪುಗಾಜು ಬಂತು, ತಣ್ಣನೆಯ ಗಾಳಿ ಬಂತು, ಮಾಡಿನ ತುಂಬ ಪುಟ್ಟ ಪುಟ್ಟ ಹೊಸ ದೀಪಗಳು ಬಂದವು. “ಎಲ್ಲಾ ಬದಲು ಮಾಡು, ಹಗಲುಮೂಲಿ ಒಂದು ಮುಟ್ಟಬ್ಯಾಡ” ಎಂದ ಅಮರೇಶಪ್ಪ. “ಅದನ್ನ ಮುಟ್ಟಿದ್ರ ಗಿರಾಕಿ ನನ್ನ ಬಡೀತಾರಲೇ” ಎಂದು ಹಣಮಂತರಾಯ ನಕ್ಕಿದ್ದ.

ಕೆಲಸ ಮುಗಿದ ಮೇಲೆ ಆ ಮೂಲೆಯ ಬೆಳಕು ಅಮರೇಶಪ್ಪನಿಗೆ ಬೇರೆಯಾಗಿ ತೋರಿತು.

“ಹಣಮ್ಯಾ, ಬೆಳಕು ಯಾಕೋ ಮೆತ್ತಗಾಗೇತಲ್ಲ?”

“ಧೂಳು ಕುಂದರಬಾರದಂತ ಟ್ಯೂಬಿಗೆ ಮಬ್ಬುಗಾಜಿನ ಮುಚ್ಚಳ ಹಾಕ್ಸೀನಿ. ಮೆತ್ತಗಾಗಿದ್ದು ನಿನ್ನ ಕಣ್ಣು. ಒಂದು ಚಶ್ಮಾ ಮಾಡಿಸ್ಕೋ.”

ಅಮರೇಶಪ್ಪ ಪಕ್ಕದ ಆಬಿಡ್ಸಿಗೆ ಹೋಗಿ ಕಣ್ಣು ತೋರಿಸಿ ಚಶ್ಮಾ ಮಾಡಿಸಿಕೊಂಡ. ಗೆಳೆಯನ ಮಾತಿಗಿಂತ ತನ್ನ ಕಣ್ಣನ್ನು ಅನುಮಾನಿಸುವುದೇ ಅವನಿಗೆ ಸುಲಭವಾಗಿತ್ತು. ಕೆಲವು ದಿನಗಳಲ್ಲಿ ಆ ಬೆಳಕು ರೂಢಿಯಾಗಿ, ಅದೇ ಹಗಲು ಎನ್ನಿಸತೊಡಗಿತು.

ಹೀಗಿರಲು ಒಂದು ಮಧ್ಯಾಹ್ನ ಕುಷಾಯಿಗೂಡದಿಂದ ಶಿವದೇವಿ ಬಂದಳು. ಮಗಳು ಪ್ರೇಮಾಳ ಕುಬಸಕ್ಕೆಂದು, ಅಂದರೆ ಮೊದಲ ಬಸಿರಿನ ಆರತಿಗೆಂದು, ಹಿಂದಿನ ವಾರ ಹಸಿರು ಸೀರೆ ಒಯ್ದಿದ್ದಳು. ಕುಬಸಕ್ಕೆ ಹಸಿರೇ ಆಗಬೇಕು. ಅವಳ ಮುಖ ನೋಡಿದೊಡನೆ ಅಮರೇಶಪ್ಪನ ನಗೆ ಆರಿತು.

“ಯಾಕವ್ವಾ, ಕುಬಸ ಚಂದ ಆತಿಲ್ಲೊ?”

“ಭಾಳ ಚಂದ ಆತ್ರಿ! ಅಂಗಳದಾಗ ಬಿಸಲಿಗೆ ಸೀರಿ ಬಿಚ್ಚಿದ್ರ ಕಡುನೀಲಿ. ‘ಹಡಿಯೋ ಹುಡುಗಿಗೆ ಕರೀ ಸೀರಿ ತಂದಾಳ ತವರಿನಾಕಿ’ ಅಂತ ಬೀಗತಿ ಎಲ್ಲಾರ ಮುಂದ ಅಂದ್ಲು. ಪ್ರೇಮಾ ಅತ್ಕೋತ ಹಳೇ ಸೀರಿ ಉಟ್ಟು ಆರತಿಗೆ ಕುಂತಳು.”

“ಇರಾಕಿಲ್ಲವ್ವಾ, ನಾನಽ ನೋಡಿ ಕೊಟ್ಟೀನಿ.”

ಸೀರೆಯನ್ನು ಹಗಲುಮೂಲೆಗೆ ಒಯ್ದು ಹರಡಿದ. ಎಲೆಯಂಥ ಹಸಿರು. “ನೋಡ್ರಿ” ಎಂದ, ನಿರಾಳವಾಗಿ. ಶಿವದೇವಿ ಸೀರೆಯ ಸೆರಗು ಹಿಡಿದೆಳೆದುಕೊಂಡು ಕಪ್ಪುಗಾಜಿನ ಬಾಗಿಲು ದಾಟಿದಳು. ಇನ್ನೊಂದು ತುದಿ ಹಿಡಿದಿದ್ದ ಅಮರೇಶಪ್ಪನೂ ಹಿಂದೆಯೇ ನಡೆದ. ಬೀದಿಯ ಬಿಸಿಲಿನಲ್ಲಿ ಅವನ ಕೈಯೊಳಗಿನ ಹಸಿರು ಕಡುನೀಲಿಯಾಯಿತು.

“ನಿಮ್ಮ ಮಾತಿನ ಮ್ಯಾಲ ಒಯ್ದಿದ್ದೆರಿ ಅಣ್ಣಾ” ಎಂದಳು ಅವಳು. ಬಯ್ದಿದ್ದರೆ ಚೆನ್ನಾಗಿತ್ತು.

ಅವನು ಒಳಗೆ ಬಂದು ಸ್ಟೂಲು ಹತ್ತಿ ಮಬ್ಬುಗಾಜಿನ ಮುಚ್ಚಳ ಸರಿಸಿದ. ಟ್ಯೂಬುಗಳ ಸುತ್ತ ಹಳದಿ ಬಣ್ಣದ ತೆಳುಹಾಳೆಯನ್ನು ಅಂದವಾಗಿ ಸುತ್ತಲಾಗಿತ್ತು. ನೀಲಿ ಹಸಿರಾದದ್ದು, ತಿಳಿಗೆಂಪು ಕುಂಕುಮವಾದದ್ದು, ಮಾಸಿದ ಜರಿ ಹೊಸದಾದದ್ದು ಎಲ್ಲ ಅದರ ಕೆಳಗೇ. ಅದರ ಕೆಳಗೇ ನಿಂತು ಅವನು ಎಷ್ಟು ಮನೆಯ ಹೆಂಗಸರಿಗೆ ಖಾತ್ರಿ ಹೇಳಿದ್ದ!

ಹಣಮಂತರಾಯ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದ. ದನಿ ತಗ್ಗಿಸಿ, “ಇಳೀ ಕೆಳಗ. ಆ ಅಕ್ಕಗ ಬ್ಯಾರೆ ಸೀರಿ ಕೊಡು, ಮುಗೀತು” ಎಂದ.

“ಯಾಕ ಮಾಡಿದಿ ಹಣಮ್ಯಾ?” ಎಂದ ಅಮರೇಶಪ್ಪ, ಕೆಳಗಿಳಿದು.

“ಆ ಕಡೆ ದೀಪದಾಗ ಮೆಚ್ಚಿದ್ದನ್ನ ನಿನ್ನ ಮೂಲ್ಯಾಗ ತಂದು ನೋಡಿ ಬಿಟ್ಟು ಹೋಗತಿದ್ರು. ಇಷ್ಟೆಲ್ಲಾ ದೀಪ ಹಾಕ್ಸಿ, ಈ ಮೂಲಿಗೆ ಸೋಲಬೇಕೇನು?”

“ಹಂಗಾದ್ರ ಮೂಲೀನ ತೆಗದು ಹಾಕಬೇಕಿತ್ತು.”

“ಹುಚ್ಚ ಅದಿ. ಜನ ಟ್ಯೂಬ್‌ಲೈಟ್ ನಂಬಿ ಬರತಾರೇನು? ಅದರ ಕೆಳಗ ನಿಂತಾಂವನ್ನ ನಂಬಿ ಬರತಾರ. ನಿನಗ ಹೇಳಿದ್ರ ನಿನ್ನ ಮಾರಿ ಬದಲಾಗತಿತ್ತು. ಅದಕ್ಕಽ ಹೇಳಲಿಲ್ಲ.”

ಎಷ್ಟು ಪ್ರೀತಿಯಿಂದ ಹೇಳಿದನೆಂದರೆ, ಹೊಗಳುತ್ತಿರುವನೆಂದೇ ದೂರದವರು ತಿಳಿಯಬೇಕು. ಕಪಾಟಿನ ಗೊಂಬೆಯನ್ನು ತಾನು ನಿಲ್ಲಿಸಿದಂತೆ ಈತ ತನ್ನನ್ನು ನಿಲ್ಲಿಸಿದ್ದನೆಂದು ಅಮರೇಶಪ್ಪನಿಗೆ ಆಗ ಹೊಳೆಯಿತು. ಚಶ್ಮಾ ಮಾಡಿಸಿಕೊಂಡು ಬಂದ ದಿನ ‘ಈಗ ಸಾಹೇಬನಂಗ ಕಾಣತಿ ನೋಡು’ ಎಂದು ಹಣಮಂತರಾಯ ಬೆನ್ನು ತಟ್ಟಿದ್ದೂ ನೆನಪಾಗಿ, ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಅಷ್ಟರಲ್ಲಿ ಸಾವಿತ್ರಿಬಾಯಿ ಎಂಬ ಹಳೆಯ ಗಿರಾಕಿ ಸೊಸೆಯೊಡನೆ, ಕೈಯಲ್ಲೊಂದು ಸೀರೆ ಹಿಡಿದು ಮೂಲೆಯತ್ತ ಬಂದಳು. ಹಣಮಂತರಾಯ ಸ್ಟೂಲು ಹತ್ತಿ ಕ್ಷಣಮಾತ್ರದಲ್ಲಿ ಮುಚ್ಚಳ ಸರಿಪಡಿಸಿ, ಇಳಿದು ನಗುತ್ತ ಪಕ್ಕಕ್ಕೆ ನಿಂತ.

“ಅಮರೇಶಪ್ಪಣ್ಣಾ, ಇದು ಗಿಣಿಹಸಿರ ಹೌದಲ್ಲೋ? ನೀ ಒಂದು ಮಾತು ಹೇಳು, ಕಟ್ಟಿಸಿಬಿಡತೀನಿ.”

ಶಿವದೇವಿ ಬಾಗಿಲ ಬಳಿ ಸೀರೆಯ ಗಂಟು ಹಿಡಿದು ನಿಂತೇ ಇದ್ದಳು. ಅಮರೇಶಪ್ಪ ಸಾವಿತ್ರಿಬಾಯಿಯ ಕೈಯಲ್ಲಿದ್ದ ಸೀರೆಯನ್ನು ಮುಟ್ಟಲಿಲ್ಲ.

“ನನಗ ಗೊತ್ತಾಗೂದಿಲ್ಲರಿ, ಬಾಯಾರ.”

“ಅಯ್ಯ, ಚ್ಯಾಷ್ಟಿ ನೋಡು! ನಿನಗ ಗೊತ್ತಾಗಲಿಲ್ಲಂದ್ರ ಇನ್ಯಾರಿಗೆ?”

“ಖರೇನಽ ಗೊತ್ತಾಗೂದಿಲ್ಲ. ಈ ಅಂಗಡ್ಯಾಗ ನನಗ ಯಾವ ಬಣ್ಣಾನೂ ಗೊತ್ತಾಗೂದಿಲ್ಲ” ಎಂದ, ಎಲ್ಲ ಗಾದಿಗಳಿಗೂ ಕೇಳುವಷ್ಟು ಗಟ್ಟಿಯಾಗಿ.

ಸಾವಿತ್ರಿಬಾಯಿ ಅವನ ಮುಖವನ್ನೊಮ್ಮೆ, ಹಣಮಂತರಾಯನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಸೀರೆಯನ್ನು ಮಡಿಚಿ ಕೆಳಗಿಟ್ಟಳು.