ಶಿಬ್‌ತಲಾ ಹಾಲ್ಟ್‌ಗೆ ಅಡ್ಡಬಂದ ನನ್ನ ಒಂದು ವಾಕ್ಯ

2022ರ ನವೆಂಬರ್ ಮೊದಲ ವಾರದ ಸೋಮವಾರ ಬೆಳಗ್ಗೆ, ಕೋಲ್ಕತ್ತಾದ ಲೇಕ್ ಮಾರ್ಕೆಟ್ ಬಳಿಯ ಒಂದು ಅಡುಗೆಮನೆಯಲ್ಲಿ, ಎರಡು ಪುಟದ ಪ್ರಸ್ತಾವವೊಂದು ನನ್ನ ಕೈಗೆ ಬಂತು. ದಕ್ಷಿಣ 24 ಪರಗಣ ಜಿಲ್ಲೆಯ ಶಿಬ್‌ತಲಾ ಹಾಲ್ಟ್‌ನಲ್ಲಿ ದಿನದ ಮೊದಲ ಲೋಕಲ್ ರೈಲಿನ ನಿಲುಗಡೆಯನ್ನು ಕೈಬಿಡಬೇಕು ಎಂಬುದು ಅದರ ಸಾರ. ಅದನ್ನು ತೀರ್ಮಾನಿಸುವ ರೈಲ್ವೆ ಸಮಿತಿಯ ಸಭೆ ಗುರುವಾರ ಇತ್ತು.

ಆಗ ನಾನು ಒಂದು ಸುದ್ದಿಸಂಸ್ಥೆಯ ಕೋಲ್ಕತ್ತಾ ಬ್ಯೂರೋದಲ್ಲಿ ಡೆಸ್ಕ್ ಮುಖ್ಯಸ್ಥೆ. ನಿವೃತ್ತಿಗೆ ಏಳು ತಿಂಗಳು ಬಾಕಿ ಇತ್ತು. ವರದಿಗಾರರು ಕಳಿಸಿದ ಸುದ್ದಿಯನ್ನು ತಿದ್ದಿ, ಪತ್ರಿಕೆಗಳಿಗೆ ರವಾನಿಸುವುದು ನಮ್ಮ ಕೆಲಸ. ಪ್ರತಿ ಜಿಲ್ಲೆಗೂ ನಮ್ಮಲ್ಲಿ ಒಂದು ಟಿಪ್ಪಣಿ ಸಿದ್ಧವಿರುತ್ತಿತ್ತು: ಭೂಗೋಳ, ಇತಿಹಾಸ, ಬೆಳೆ, ಸಂತೆ, ನದಿ, ಎಲ್ಲ ಸೇರಿ ಹತ್ತು ಹನ್ನೆರಡು ಸಾಲು. ಇದಕ್ಕೆ ಬ್ಯಾಕ್‌ಗ್ರೌಂಡರ್ ಎನ್ನುತ್ತಿದ್ದೆವು. ಆ ಜಿಲ್ಲೆಯಿಂದ ಯಾವ ಸುದ್ದಿ ಬಂದರೂ ಕೊನೆಗೆ ಅದರಿಂದ ಎರಡು ಸಾಲು ತೆಗೆದು ಅಂಟಿಸುವುದು ರೂಢಿ.

ಅಡುಗೆಮನೆ ವಾಸುದೇವ ಭಟ್ಟರದು. ಉಡುಪಿ ಕಡೆಯವರು, ಮದುವೆ, ಉಪನಯನಗಳಿಗೆ ಊಟ ಮಾಡಿಸುತ್ತಾರೆ. ಅವರಿಗೆ ಬಾಳೆಎಲೆ, ಬಾಳೆದಿಂಡು, ಕರಿಬೇವು ತಂದುಕೊಡುವವಳು ಶಿಬ್‌ತಲಾದ ಮಾಲತಿ. ಸುತ್ತಮುತ್ತಲಿನವರೆಲ್ಲ ಅವಳನ್ನು ಮಾಸಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ದಿನಾ ಮೊದಲ ಲೋಕಲ್ ಹಿಡಿದು ಬಾಲಿಗಂಜ್‌ನಲ್ಲಿ ಇಳಿಯುತ್ತಾಳೆ. ಆ ಪ್ರಸ್ತಾವದ ಪ್ರತಿ ಅವಳ ಪಂಚಾಯ್ತಿಗೆ ಬಂದಿತ್ತು. ಅದು ಇಂಗ್ಲಿಷಿನಲ್ಲಿದ್ದುದರಿಂದ ಭಟ್ಟರ ಹತ್ತಿರ ತಂದಿದ್ದಳು. ಕನ್ನಡದವಳೆಂಬ ಪರಿಚಯದ ಮೇಲೆ ಭಟ್ಟರು ನನ್ನನ್ನು ಕರೆಸಿದ್ದರು.

"ಅಕ್ಕ, ಇದು ಎಂತದ್ದು ಅಂತ ಸ್ವಲ್ಪ ನೋಡಿ ಮಾರಾಯ್ರೆ. ರೈಲು ನಿಲ್ಲದಿದ್ರೆ ಎಲೆ ಬರುವುದಿಲ್ಲ. ಎಲೆ ಇಲ್ಲದಿದ್ರೆ ನಾನು ಸಾರು ಬಡಿಸುವುದು ಎಲ್ಲಿಗೆ, ಜನರ ಅಂಗೈಗಾ?"

ಓದುತ್ತ ಹೋದೆ. ಮೂರನೆಯ ಪ್ಯಾರಾಕ್ಕೆ ಬಂದಾಗ ಕಣ್ಣು ನಿಂತಿತು. ಕನ್ನಡದಲ್ಲಿ ಹೇಳುವುದಾದರೆ ಅಲ್ಲಿದ್ದ ವಾಕ್ಯ ಇದು: "ಈ ಭಾಗ ಮಳೆಗಾಲದಲ್ಲಿ ಮುಳುಗುವ, ಉಪ್ಪುಮಣ್ಣಿನ, ವರ್ಷಕ್ಕೆ ಒಂದೇ ಬೆಳೆಯ ಪ್ರದೇಶ." ಆದ್ದರಿಂದ ವರ್ಷವಿಡೀ ತರಕಾರಿ ಸಾಗಣೆ ಇರುವ ಸಾಧ್ಯತೆ ಕಡಿಮೆ ಎಂದು ಪ್ರಸ್ತಾವ ತೀರ್ಮಾನಿಸಿತ್ತು. ಕೆಳಗೆ ಆಧಾರ ಎಂದು ನಮ್ಮ ಸಂಸ್ಥೆಯ ಹೆಸರಿತ್ತು.

"ಏನಾಯ್ತು ಅಕ್ಕ?" ಭಟ್ಟರು ಕೇಳಿದರು.

"ಭಟ್ರ, ಇದು ನಮ್ಮ ಆಫೀಸಿನ ವಾಕ್ಯ ಅದರೀ."

ಮಾಲತಿ ಮಾಸಿಗೆ ಬಂಗಾಳಿಯಲ್ಲಿ ಓದಿ ಹೇಳಿದೆ. ಅವಳು ಬುಟ್ಟಿಯಿಂದ ಒಂದು ಹೂಕೋಸು ತೆಗೆದು ನನ್ನ ಎದುರಿಗೆ ಇಟ್ಟಳು. "ಒಂದೇ ಬೆಳೆಯಾ? ಹಂಗಾದ್ರೆ ಇದು ಆಕಾಶದಿಂದ ಬಿತ್ತಾ, ದಿದಿ? ನಿಮ್ಮ ಆಫೀಸ್‌ನೋರು ಯಾವತ್ತಾದ್ರೂ ನಮ್ಮೂರಲ್ಲಿ ಇಳ್ದಿದಾರಾ?"

ಇಳಿದಿರಲಿಲ್ಲ. ಪೀಯಾಲಿ, ಮಾತ್ಲಾ ನದಿಗಳ ಕಡೆಗೆ ಹೋಗುವಾಗ ಆ ಹಾಲ್ಟ್ ಅನ್ನು ಕಿಟಕಿಯಿಂದ ನೋಡಿದ್ದೆ, ಅಷ್ಟೇ.

ಕಚೇರಿಗೆ ಹೋದವಳೇ ಹಳೆಯ ಕಡತ ತೆರೆದೆ. 2009ರ ಮೇ 25ರಂದು ಐಲಾ ಚಂಡಮಾರುತ ಅಪ್ಪಳಿಸಿದಾಗ ಸುಂದರ್‌ಬನ್ ಅಂಚಿನ ಒಡ್ಡುಗಳು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತ್ತು. ಟಿಪ್ಪಣಿಯನ್ನು ಆಗ ಹೊಸದಾಗಿ ಬರೆಯಲಾಗಿತ್ತು. ಮೊದಲ ಪ್ರತಿಯಲ್ಲಿ ವಾಕ್ಯದ ಆರಂಭ ಹೀಗಿತ್ತು: "ದಕ್ಷಿಣ ತುದಿಯ ಒಡ್ಡಿನ ಬ್ಲಾಕುಗಳಲ್ಲಿ ಮಾತ್ರ". ಎರಡನೆಯ ಪ್ರತಿಯಲ್ಲಿ ಆ ಪದಗಳಿರಲಿಲ್ಲ. ಸಾಲು ಉದ್ದವಾಯಿತೆಂದು ಯಾರೋ ಕತ್ತರಿಸಿದ್ದರು. ಕತ್ತರಿಸಿದವರ ಹೆಸರಿನ ಮೊದಲ ಅಕ್ಷರಗಳನ್ನು ಕೊನೆಯಲ್ಲಿ ಹಾಕುವುದು ನಮ್ಮ ಪದ್ಧತಿ. ಅಲ್ಲಿದ್ದುದು ನನ್ನ ಅಕ್ಷರಗಳು.

ಹದಿಮೂರು ವರ್ಷ ಆ ವಾಕ್ಯ ಹಾಗೆಯೇ ಓಡಾಡಿತ್ತು. ಅಪಘಾತದ ಸುದ್ದಿಗೆ, ಚುನಾವಣೆಯ ಸುದ್ದಿಗೆ, ಶಾಲೆಯ ಸುದ್ದಿಗೆ ಅದನ್ನು ಅಂಟಿಸಿದ್ದೆವು. ಯಾರೂ ಪ್ರಶ್ನಿಸಿರಲಿಲ್ಲ.

ಬ್ಯೂರೋ ಮುಖ್ಯಸ್ಥ ಅನಿರ್ಬಾಣ್‌ದಾ ಎದುರು ಎರಡು ಪ್ರತಿಗಳನ್ನೂ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ನಿನ್ನೆಯ ಸುದ್ದಿಗೆ ತಿದ್ದುಪಡಿ ಕೊಡ್ತೀವಿ. ಹದಿಮೂರು ವರ್ಷದ ಹಿಂದಿನ ಭೂಗೋಳಕ್ಕೆ ತಿದ್ದುಪಡಿ ಕೊಟ್ಟ ಸಂಸ್ಥೆ ಯಾವುದಾದ್ರೂ ಇದೆಯಾ? ನಾವೇನು ಇಸ್ಕೂಲು ನಡೆಸ್ತಿದೀವಾ?"

"ಗುರುವಾರ ಸಭೆ ಇದೆ, ದಾದಾ."

"ಹಾಗಾದ್ರೆ ನಿಯಮ ಗೊತ್ತಲ್ಲ. ಕಣ್ಣಾರೆ ನೋಡಿರ್ಬೇಕು, ದಾಖಲೆ ಇರ್ಬೇಕು. ಎರಡೂ ನನ್ನ ಮೇಜಿನ ಮೇಲೆ, ಬುಧವಾರ ಮಧ್ಯಾಹ್ನದೊಳಗೆ. ತರಕಾರಿ ಮಾಸಿ ಹೇಳಿದ್ಲು ಅಂದ್ರೆ ನಡೆಯಲ್ಲ."

ಮಂಗಳವಾರ ಬೆಳಗ್ಗೆ ಬಾಲಿಗಂಜ್‌ನಿಂದ ರೈಲು ಹತ್ತಿದೆ. ಮೂವತ್ತು ವರ್ಷ ಡೆಸ್ಕಿನಲ್ಲಿ ಕೂತವಳಿಗೆ ವರದಿಗಾರಿಕೆಯ ಚೀಲ ಹೆಗಲಿಗೇರಿಸಿದಾಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಗಡಿಯಾ, ಸೋನಾರ್‌ಪುರ ದಾಟಿ ಬಾರುಯಿಪುರ ಬರುವಷ್ಟರಲ್ಲಿ ಹಳಿಯ ಎರಡೂ ಬದಿಗೆ ಸೀಬೆ ತೋಟಗಳು ಶುರುವಾದವು. ಉಪ್ಪುಮಣ್ಣಿನಲ್ಲಿ ಸೀಬೆ ಹೀಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮಾಸಿ ಅವತ್ತು ವ್ಯಾಪಾರ ಬಿಟ್ಟು ಹಾಲ್ಟ್‌ನಲ್ಲಿ ಕಾಯುತ್ತಿದ್ದಳು. ಅವಳ ಹೊಲದಲ್ಲಿ ಹೂಕೋಸು ಕೊಯ್ಲಾಗುತ್ತಿತ್ತು. ಪಕ್ಕದ ಪಾತಿಯಲ್ಲಿ ಟೊಮೆಟೊ ಸಸಿ ನಾಟಿಯಾಗಿತ್ತು. ಬದುವಿನ ಉದ್ದಕ್ಕೂ ಬಾಳೆ. ಹೂಕೋಸಿಗಿಂತ ಮೊದಲು ಏನಿತ್ತು ಎಂದು ಕೇಳಿದೆ. ಬೆಂಡೆ ಎಂದಳು. ಅದಕ್ಕಿಂತ ಮೊದಲು? ಪಡವಲ. ಊರಾಚೆಯ ತಗ್ಗಿನ ಗದ್ದೆಗಳಲ್ಲಿ ಮಾತ್ರ ಭತ್ತ ಹಣ್ಣಾಗಿ ನಿಂತಿತ್ತು. ಅದರಲ್ಲಿ ಕನಕಚೂರ್ ತಳಿಯೂ ಇತ್ತು. ಚಳಿಗಾಲದಲ್ಲಿ ಅದರ ಅರಳಿಗೆ ಖರ್ಜೂರದ ಬೆಲ್ಲ ಸೇರಿಸಿ, ಅದೇ ಜಿಲ್ಲೆಯ ಜಯನಗರ ಪಟ್ಟಣದ ಹೆಸರಿನ ಮೋಆ ಉಂಡೆ ಕಟ್ಟುತ್ತಾರೆ.

ಒಂದು ಊರಿನೊಳಗೇ ಎರಡು ನೆಲ. ಕಾರಣ ತಿಳಿಯದೆ ತಿದ್ದುಪಡಿ ಬರೆಯುವಂತಿರಲಿಲ್ಲ.

ಕಾರಣ ಸಿಕ್ಕಿದ್ದು ಕೈ ತೊಳೆಯಲು ಹೋದಾಗ. ಮನೆಯ ಹಿಂದಿನ ಕೆರೆಯ ಮೆಟ್ಟಿಲಿಗೆ ಚಪ್ಪಲಿ ಹಾಕಿಕೊಂಡೇ ಇಳಿದೆ.

"ಚಪ್ಪಲಿ ಬಿಡು ದಿದಿ! ಅದು ಗಂಗೆ."

"ಕೆರೆ ಅಲ್ವಾ ಮಾಸಿ?"

"ಮಂಡಲರ ಗಂಗೆ. ಆಚೆ ಕಡೆದು ನಸ್ಕರರ ಗಂಗೆ. ಅದರಾಚೆ ಸರ್ದಾರರದು. ನಮ್ಮಲ್ಲಿ ಯಾರಾದ್ರೂ ತೀರ್ಕೊಂಡ್ರೆ ಬಾಯಿಗೆ ಬಿಡೋದು ಇದೇ ನೀರು. ನೀನು ಕಾಳಿಘಾಟ್‌ನೋಳು. ನಿಮ್ಮ ಆ ಕಪ್ಪು ನಾಲೆಗೆ ಗಂಗೆ ಅಂತ ಕೈ ಮುಗೀತೀಯ, ನಮ್ಮ ತಿಳಿನೀರು ಕಂಡ್ರೆ ಕೆರೆ ಅಂತೀಯಾ?"

ಅವಳ ಇಬ್ಬರು ಸೊಸೆಯಂದಿರು ಸೆರಗು ಬಾಯಿಗಿಟ್ಟು ನಕ್ಕರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಕಾಳಿಘಾಟ್ ದೇವಸ್ಥಾನದ ಹಿಂದೆ ಹರಿಯುವ ನಾಲೆ ಆದಿಗಂಗೆ, ಅಂದರೆ ಒಂದು ಕಾಲದಲ್ಲಿ ಗಂಗೆ ಸಮುದ್ರಕ್ಕೆ ಹೋಗುತ್ತಿದ್ದ ಹಳೆಯ ಪಾತ್ರ. ಇಪ್ಪತ್ತೆರಡು ವರ್ಷ ಅದರ ದಡದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಅದು ಬಾರುಯಿಪುರ, ಜಯನಗರದ ಕಡೆಗೆ ಸಾಗಿ ಬತ್ತಿಹೋಯಿತು ಎಂದು ಓದಿದ್ದೆ. ಉಳಿದ ತುಂಡುಗಳಿಗೆ ಮನೆತನಗಳ ಹೆಸರು ಬಂದಿದೆ ಎಂದೂ ಓದಿದ್ದೆ. ಆ ಎರಡು ಓದನ್ನೂ ನಮ್ಮ ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಫೋನಿನಲ್ಲಿ ಉಪಗ್ರಹ ಚಿತ್ರ ತೆರೆದೆ. ತೋಡಿದ ಕೆರೆ ಸಾಮಾನ್ಯವಾಗಿ ಚೌಕವಾಗಿರುತ್ತದೆ. ಇಲ್ಲಿ ಐದು ಕೆರೆಗಳು ಉದ್ದಕ್ಕೆ, ಕಿರಿದಾಗಿ, ಒಂದರ ಹಿಂದೆ ಒಂದು ಒಂದೇ ಕಡೆಗೆ ಬಾಗಿದ್ದವು. ಬೆರಳಿನಿಂದ ಅವನ್ನು ಸೇರಿಸಿದರೆ ಒಂದು ನದಿ ಮೂಡುತ್ತಿತ್ತು. ನೆರೆ ಬಂದಾಗಲೆಲ್ಲ ನದಿ ತನ್ನ ದಡದ ಮೇಲೆ ಹೂಳು ಬಿಟ್ಟು ಹೋಗುತ್ತದೆ. ವರ್ಷಗಟ್ಟಲೆ ಹೀಗಾಗಿ ದಡ ಸುತ್ತಲಿನ ನೆಲಕ್ಕಿಂತ ಎತ್ತರವಾಗುತ್ತದೆ. ನದಿ ಸತ್ತರೂ ದಡ ಉಳಿಯುತ್ತದೆ. ಶಿಬ್‌ತಲಾ ಕೂತಿದ್ದುದು ಆ ದಡದ ಮೇಲೆ. ಅದಕ್ಕೇ ಅಲ್ಲಿ ಸಿಹಿಮಣ್ಣು, ಅದಕ್ಕೇ ಸೀಬೆ, ಅದಕ್ಕೇ ವರ್ಷಕ್ಕೆ ಮೂರು ಬೆಳೆ.

"ಮಾಸಿ, ಪಂಚಾಯ್ತಿ ಕಚೇರಿ ಎಷ್ಟೊತ್ತಿಗೆ ಮುಚ್ಚುತ್ತೆ?"

"ಈಗ್ಲೇ ಓಡಿದ್ರೆ ಸಿಗುತ್ತೆ. ಊಟ?"

"ಆಮೇಲೆ!"

ಇಬ್ಬರೂ ಸೈಕಲ್ ವ್ಯಾನ್, ಅಂದರೆ ಪೆಡಲ್ ತುಳಿದು ಓಡಿಸುವ ಮೂರು ಗಾಲಿಯ ಗಾಡಿ, ಹತ್ತಿದೆವು. ಪಂಚಾಯ್ತಿ ಕಚೇರಿಯ ಗೋಡೆಯ ಮೇಲೆ ಊರಿನ ಸರ್ವೆ ನಕ್ಷೆಯಿತ್ತು. ಬಂಗಾಳದ ಜಮೀನು ದಾಖಲೆಯಲ್ಲಿ ತಗ್ಗಿನ ಭತ್ತದ ನೆಲಕ್ಕೆ ಶಾಲಿ, ಎತ್ತರದ ನೆಲಕ್ಕೆ ಡಾಂಗಾ ಎನ್ನುತ್ತಾರೆ. ಕೆರೆಗಳ ಎರಡೂ ಬದಿಯ ಸರ್ವೆ ನಂಬರುಗಳನ್ನು ಓದುತ್ತ ಹೋದೆ. ಗುಮಾಸ್ತರು ರಿಜಿಸ್ಟರ್ ನೋಡಿ ಉತ್ತರಿಸುತ್ತ ಹೋದರು. ಡಾಂಗಾ. ಡಾಂಗಾ. ಡಾಂಗಾ. ಹತ್ತನೆಯದಕ್ಕೆ ಅವರೇ ನಕ್ಕರು. "ಇನ್ನೂ ಕೇಳ್ತೀರಾ ಮ್ಯಾಡಮ್?" ಕೇಳಿದೆ, ಕೊನೆಯವರೆಗೂ. ಪಟ್ಟಿಗೆ ಸಹಿ, ಮೊಹರು ಹಾಕಿಸಿಕೊಂಡೆ.

ಅವತ್ತು ಮಾಸಿಯ ಮನೆಯಲ್ಲೇ ಉಳಿದೆ. ಬುಧವಾರ ಬೆಳಕು ಹರಿಯುವ ಮೊದಲೇ ಹಾಲ್ಟ್‌ಗೆ ಹೋದೆವು. ತಗ್ಗಾದ ಮಣ್ಣಿನ ಪ್ಲಾಟ್‌ಫಾರಂ ತುಂಬ ಬುಟ್ಟಿ, ಎಲೆಯ ಕಟ್ಟು, ಸೀಬೆಯ ಚೀಲ. ಎಣಿಸಿದೆ: ನೂರ ಹದಿನಾಲ್ಕು. ರೈಲು ನಿಲ್ಲುತ್ತಿದ್ದುದು ಅರ್ಧ ನಿಮಿಷ. ಅಷ್ಟರಲ್ಲಿ ನಾಲ್ಕು ಹೆಂಗಸರು ವೆಂಡರ್ ಡಬ್ಬಿಯೊಳಗೆ, ಅಂದರೆ ಸರಕಿನೊಂದಿಗೆ ಹತ್ತುವವರ ಬೋಗಿಯೊಳಗೆ, ನುಗ್ಗಿದರು; ಉಳಿದವರು ನಾಲ್ಕು ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ಎಸೆದರು.

"ಅವಸರ ದಿದಿ, ಅವಸರ! ಹೂಕೋಸು ಹತ್ತಿದೆ, ನೀನು ಇನ್ನೂ ಕೆಳಗಿದೀಯ!"

ನನ್ನನ್ನೂ ಬುಟ್ಟಿಯ ಹಾಗೆಯೇ ಒಳಗೆಳೆದುಕೊಂಡರು. ರೈಲು ಹೊರಟಾಗ ಮೂರು ಬುಟ್ಟಿ ಕೆಳಗೆ ಉಳಿದಿದ್ದವು. "ದಿನಾ ಹಿಂಗೇ," ಎಂದಳು ಮಾಸಿ. ಈ ನಿಲುಗಡೆ ಹೋದರೆ ಮುಂದಿನ ನಿಲ್ದಾಣಕ್ಕೆ ವ್ಯಾನಿನಲ್ಲಿ ಹೋಗಬೇಕು, ಅಷ್ಟರಲ್ಲಿ ಮೊದಲ ರೈಲು ಹೊರಟಿರುತ್ತದೆ. ಎರಡನೆಯ ಲೋಕಲ್ ಬಾಲಿಗಂಜ್ ಮುಟ್ಟುವಾಗ ಸಂತೆಯ ಜಾಗಗಳು ಬೇರೆಯವರ ಪಾಲಾಗಿರುತ್ತವೆ. ಗಂಡ ಇಲ್ಲದ ಈ ಹೆಂಗಸು ಇಬ್ಬರು ಸೊಸೆಯಂದಿರೊಂದಿಗೆ ಆ ಒಂದು ಜಾಗವನ್ನು ಹತ್ತೊಂಬತ್ತು ವರ್ಷ ಕಾಯ್ದುಕೊಂಡಿದ್ದಳು.

ಬಾಲಿಗಂಜ್‌ನಿಂದ ನೇರ ಕಚೇರಿಗೆ ಹೋದೆ. ಅನಿರ್ಬಾಣ್‌ದಾ ಪಟ್ಟಿ ನೋಡಿದರು, ಫೋಟೊ ನೋಡಿದರು, ಐದು ಕೆರೆಗಳ ಚಿತ್ರದ ಮೇಲೆ ಪೆನ್ಸಿಲ್ ಓಡಿಸಿದರು.

"ನನ್ನ ಅಜ್ಜಿ ಮನೆ ಈ ಕಡೆ," ಎಂದರು. "ಬೋಸರ ಗಂಗೆಯಲ್ಲಿ ಈಜು ಕಲಿತೋನು ನಾನು. ಹದಿಮೂರು ವರ್ಷದಿಂದ ಈ ಟಿಪ್ಪಣಿಗೆ ನಾನೂ ಒಪ್ಪಿಗೆ ಹಾಕ್ತಾ ಬಂದಿದೀನಿ." ಆಮೇಲೆ ಕೇಳಿದರು: "ತಪ್ಪು ಯಾರದ್ದು ಅಂತ ಬರಿಯೋದು?"

"ಡೆಸ್ಕಿನದು ಅಂತ ಬರೀರಿ. ಕೆಳಗೆ ನನ್ನ ಅಕ್ಷರ ಹಾಕಿ."

"ನಿವೃತ್ತಿಗೆ ಏಳು ತಿಂಗಳು ಇರೋವಾಗ?"

"ಆಮೇಲೆ ಹಾಕೋಕೆ ಅಕ್ಷರ ಇರಲ್ಲ, ದಾದಾ."

ಮಧ್ಯಾಹ್ನ ತಿದ್ದುಪಡಿ ಹೊರಟಿತು. ಒಂಬತ್ತು ಸಾಲು: ಯಾವ ವಾಕ್ಯ ತಪ್ಪು, ಎಲ್ಲಿಗೆ ಅದು ಅನ್ವಯಿಸುತ್ತದೆ, ಎಲ್ಲಿಗೆ ಅನ್ವಯಿಸುವುದಿಲ್ಲ, ಆಧಾರವೇನು. ಅದರ ಪ್ರತಿಯನ್ನು ಸಹಿ ಹಾಕಿದ ಪಟ್ಟಿಯೊಂದಿಗೆ ಸಮಿತಿಗೆ ಕಳಿಸಿದೆವು. ಮಾಸಿ ಮತ್ತು ಹನ್ನೊಂದು ಹೆಂಗಸರು ಬಂಗಾಳಿ ಅನುವಾದ ಹಿಡಿದು ಗುರುವಾರ ಸಭೆಯ ಬಾಗಿಲಲ್ಲಿ ಕೂತರು. ಜೊತೆಗೆ ಭಟ್ಟರೂ ಹೋಗಿದ್ದರು, ಒಂದು ಕಟ್ಟು ಬಾಳೆಎಲೆ ಹೊತ್ತು. ಹೊರಡುವ ಮೊದಲು ನನಗೆ ಫೋನಿನಲ್ಲಿ ಹೇಳಿದ್ದರು:

"ದಾಖಲೆ ಬೇಕು ಅಂತಾರಲ್ಲ ಅಕ್ಕ, ಇದಕ್ಕಿಂತ ಹಸಿ ದಾಖಲೆ ಎಲ್ಲಿದೆ?"

ಸಂಜೆ ನಾಲ್ಕು ದಾಟಿದ ಮೇಲೆ ಫೋನ್ ಬಂತು. ಆ ಕಡೆಯಿಂದ ಮಾಸಿಯ ಒಂದೇ ಸಮನೆ ಕೂಗು. ಒಂದು ಪದವೂ ಅರ್ಥವಾಗಲಿಲ್ಲ. ಕೊನೆಗೆ ಭಟ್ಟರು ಫೋನ್ ಕಿತ್ತುಕೊಂಡು ಹೇಳಿದರು: "ನಿಲ್ತದೆ ಅಕ್ಕ, ನಿಲ್ತದೆ!" ಡೆಸ್ಕಿನಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ.

ಒಂದು ಜಿಲ್ಲೆಯ ಬಗ್ಗೆ ಬರೆಯುವಾಗ "ಎಲ್ಲಿ" ಎಂಬುದನ್ನು ಹೇಳುವ ಪದಗಳನ್ನು ಎಂದಿಗೂ ಕತ್ತರಿಸಬಾರದು. ಸಾಲು ಉದ್ದವಾದರೆ ಬೇರೆ ಏನನ್ನಾದರೂ ಬಿಡಬಹುದು. ನಿವೃತ್ತಿಯ ಮುಂಚಿನ ಏಳು ತಿಂಗಳಲ್ಲಿ ಉಳಿದ ಜಿಲ್ಲೆಗಳ ಟಿಪ್ಪಣಿಗಳನ್ನೂ ತೆಗೆದು, ಕತ್ತರಿಸಿದ ಪದಗಳನ್ನು ಹುಡುಕಿ ಹುಡುಕಿ ಮರಳಿ ಸೇರಿಸಿದೆವು. ಎರಡು ಕಡೆ ಮತ್ತೆ ನನ್ನವೇ ಅಕ್ಷರಗಳು ಸಿಕ್ಕವು.

ಈಗಿನ ವೇಳಾಪಟ್ಟಿಯಲ್ಲಿ ದಿನದ ಮೊದಲ ಲೋಕಲ್‌ಗೆ ಶಿಬ್‌ತಲಾ ಹಾಲ್ಟ್ ಇದೆ. ನಿಲುಗಡೆ: ಒಂದು ನಿಮಿಷ.